ಆ ರಾತ್ರಿ ಜೊತೆಗಿದ್ದ ಅಕ್ಕನಿಗೆ

ಕಳೆದ ವಾರ ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು. ಮಾರ್ಗದರ್ಶಕರಿಗೆ, ಪ್ರಯೋಗಾಲಯದ ಗೆಳೆಯರಿಗೆ, ಸಾಲ ಕೊಡುವಾಗ ಕಾರಣ ಕೇಳದ ಅಣ್ಣನಿಗೆ, ಬೆಂಗಳೂರಿನಲ್ಲಿ ಲೋಳೆ ಬೂಷ್ಟು ಎಂಬ ಒಂಟಿಕೋಶ ಜೀವಿಯ ಮೇಲೆ ದಶಕಗಳ ಕಾಲ ದುಡಿದು ನಮ್ಮಂಥವರಿಗೆ ದಾರಿ ಮಾಡಿದ ವಿದ್ಯಾನಂದ ನಂಜುಂಡಯ್ಯ ಅವರಿಗೆ, ಎಲ್ಲರಿಗೂ ಒಂದೇ ಉಸಿರಿನಲ್ಲಿ ನಮಸ್ಕಾರ. ಉಳಿದ ಮಾತೆಲ್ಲ ನಮ್ಮಲ್ಲಿ ಗಾಜಿನ ಸಾಮಾನು ತೊಳೆಯುವ ಅಕ್ಕನಿಗೆ.

ಫ್ರೀಜರ್ ಕೆಟ್ಟು, ಕಾಪಿಟ್ಟ ಕೋಶಗಳೆಲ್ಲ ಹಾಳಾದ ರಾತ್ರಿಯ ಕಥೆ ನಿಮಗೆಲ್ಲ ಗೊತ್ತು. ಉಳಿದದ್ದು ಎರಡೇ ಫ್ಲಾಸ್ಕ್: ಒಂದರಲ್ಲಿ ಡಿಕ್ಟಿಯೊಸ್ಟೀಲಿಯಂ ಎಂಬ ಲೋಳೆ ಬೂಷ್ಟಿನ ಸಾಮಾನ್ಯ ಕೋಶಗಳು, ಇನ್ನೊಂದರಲ್ಲಿ ಕ್ರ್ಯಾಕ್ ಎಂಬ ಪ್ರೋಟೀನ್ ಇಲ್ಲದ, ಹಸಿರಾಗಿ ಹೊಳೆಯುವ ಕೋಶಗಳು. ಅವಾದರೂ ಸರಿಯಾಗಿವೆಯೇ ಎಂದು ತಿಳಿಯಲು ರಾತ್ರಿ 9ಕ್ಕೆ ಆಹಾರವನ್ನೆಲ್ಲ ತೊಳೆದು, ತಟ್ಟೆಗಳಲ್ಲಿ ಅಗರ್ ಎಂಬ ಜೆಲ್ಲಿಯ ಮೇಲೆ ಹರಡಿದೆ. ಯಾರನ್ನೂ ಕರೆದಿರಲಿಲ್ಲ. ಅಕ್ಕ ಕೊನೆಯ ಬಸ್ಸನ್ನು ಬಿಟ್ಟು, ಬುತ್ತಿಯಲ್ಲಿದ್ದ ಚಿತ್ರಾನ್ನವನ್ನು ನನ್ನ ಮುಂದಿಟ್ಟು, ಸ್ಟೂಲಿನ ಮೇಲೆ ಕುಳಿತರು. ‘ಇವು ಈಗ ಏನು ಮಾಡಬೇಕು?’ ಎಂದು ಕೇಳಿದರು.

ಹೇಳಿದೆ. ಹಸಿದ ಕೋಶಗಳು ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕವನ್ನು ಸುಮಾರು 6 ನಿಮಿಷಕ್ಕೊಮ್ಮೆ ಹೊರಬಿಟ್ಟು ನೆರೆಯವರನ್ನು ಕರೆಯುತ್ತವೆ. ಕರೆ ಬಂದ ದಿಕ್ಕಿನಲ್ಲಿ ಕೋಶಪೊರೆಯೊಳಗೆ ಪಿಪ್-3 ಎಂಬ ಕೊಬ್ಬಿನ ಅಣು ಹೆಚ್ಚುತ್ತದೆ. ಕ್ರ್ಯಾಕ್ ಧಾವಿಸಿ ಅದಕ್ಕೆ ಅಂಟಿಕೊಂಡರೆ ಆ ಕೋಶವೂ ಕರೆಯತೊಡಗುತ್ತದೆ. ಹೀಗೆ ಕರೆ ದಾಟುತ್ತ ದಾಟುತ್ತ ಒಂದು ಲಕ್ಷದವರೆಗೂ ಕೋಶಗಳು ಕೂಡಿ, 24 ಗಂಟೆಯಲ್ಲಿ ಕಾಂಡವಾಗಿ, ಅದರ ತುದಿಯ ಬೀಜಕಗಳ ಗುಂಡಾಗಿ ನಿಲ್ಲುತ್ತವೆ. ಕ್ರ್ಯಾಕ್ ಇಲ್ಲದವು ಕರೆಯನ್ನು ಮುಂದಕ್ಕೆ ದಾಟಿಸಲಾರವು. ಅವನ್ನಷ್ಟೇ ಹರಡಿದರೆ ಚದುರಿದಂತೆಯೇ ಉಳಿಯುತ್ತವೆ.

‘ಕರೆಯಲಾರವು, ಸರಿ. ಕರೆದರೆ ಕೇಳಿಸುತ್ತದೆಯೇ?’ ಎಂದರು ಅಕ್ಕ.

ಕೇಳಿಸುತ್ತದೆ. ಎರಡನ್ನೂ ಬೆರೆಸಿದ್ದ ತಟ್ಟೆಯನ್ನು ಬೆಳಗಿನ ಜಾವ 4ಕ್ಕೆ ಸೂಕ್ಷ್ಮದರ್ಶಕದಡಿ ಇಟ್ಟಾಗ, ಕೋಶಗಳ ತೊರೆಯೊಳಗೆ ಹಸಿರು ಚುಕ್ಕೆಗಳೂ ನಡೆದು ಬರುತ್ತಿದ್ದವು. ಅಕ್ಕನೇ ಮೊದಲು ನೋಡಿದರು.

ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಬೆಳಗಿನ ಬಸ್ಸಿಗೆ ಊರಿಗೆ ಹೊರಟುಬಿಡಲು ಚೀಲ ತುಂಬಿಟ್ಟಿದ್ದೆ. ಮತ್ತೆ ಬರುವ ಯೋಚನೆ ಇರಲಿಲ್ಲ. ಇದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಅಕ್ಕ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು. 6 ಗಂಟೆಗೆ, ಸಾಮಾನುಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್ ಹಚ್ಚಿ ದಿನದ ಕೆಲಸ ಶುರು ಮಾಡಿದರು. ನಾನು ಚೀಲ ಬಿಚ್ಚಿದೆ.

ಪ್ರಬಂಧದ ಮೂರನೆಯ ಅಧ್ಯಾಯದ ಮೊದಲ ಚಿತ್ರ ಆ ತಟ್ಟೆಯದು. ಭಾನುವಾರ ಅಕ್ಕನ ಮನೆಗೆ ಒಂದು ಪ್ರತಿ ಒಯ್ಯುತ್ತಿದ್ದೇನೆ. ಆ ಪುಟಕ್ಕೆ ಗುರುತು ಇಟ್ಟಿದ್ದೇನೆ.