ಬೀಡಿ ಸೇದ್ತೀರಾ ಅಂತ ಕೇಳಿದ್ರೆ ಸಾಲ್ದು

ಸಂಪಾದಕರೇ, ನಮಸ್ಕಾರ.

ಶ್ವಾಸಕೋಶದ ಕಾಯಿಲೆ ಬಗ್ಗೆ ಪೇಪರಲ್ಲಿ ಏನೇ ಬಂದ್ರೂ ಮೊದ್ಲು ಬೀಡಿ ಸಿಗರೇಟು, ಆಮೇಲೆ ರೋಡಿನ ಹೊಗೆ, ಅಲ್ಲಿಗೆ ಮುಗೀತು. ಡಾಕ್ಟ್ರ ಹತ್ರ ಹೋದ್ರೂ ಅಷ್ಟೇ, ಸೇದ್ತೀರಾ ಅಂತ ತಪ್ಪದೆ ಕೇಳ್ತಾರೆ, ಏನ್ ಕೆಲ್ಸ ಮಾಡ್ತೀರಾ ಅಂತ ಕೇಳೋದು ಕಮ್ಮಿ. ರೋಗಿಯ ಕಸುಬು ಯಾವ್ದು ಅಂತ ಕೇಳ್ಕೊಳ್ಳಿ ಅಂತ ಇಟಲಿಯ ರಾಮಾಜಿನಿ ಅನ್ನೋ ಡಾಕ್ಟ್ರು 300 ವರ್ಷದ ಹಿಂದೇನೇ ಹೇಳಿದ್ರು!

ಕೆಲಸದ ಜಾಗದ ಧೂಳಿಂದಾನೂ ಶ್ವಾಸಕೋಶ ಹಾಳಾಗುತ್ತೆ, ಕಲ್ಲು ಕಟಿಂಗ್ ಕೆಲಸಾನೇ ತಗೊಳ್ಳಿ. ನೀರು ಬಿಡದೆ ಒಣ ಬ್ಲೇಡ್ ಓಡಿಸಿದ್ರೆ ಹುಬ್ಬೆಲ್ಲ ಬೆಳ್ಳಗಾಗುತ್ತೆ, ಆದ್ರೆ ಆ ಕಣ್ಣಿಗೆ ಕಾಣೋ ಧೂಳು ಬಹುಪಾಲು ಮೂಗು ಗಂಟಲಲ್ಲೇ ನಿಲ್ಲುತ್ತೆ, ಶ್ವಾಸಕೋಶದ ಆಳಕ್ಕೆ ಇಳಿಯೋದು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸೈಜಿನ ಸಿಲಿಕಾ, ಅಂದ್ರೆ ಕಲ್ಲಿನಲ್ಲಿರೋ ಒಂದು ಖನಿಜದ ಪುಡಿ, ಅದು ಮಷೀನ್ ಆಫ್ ಮಾಡಿದ್ ಮೇಲೂ ಗಂಟೆಗಟ್ಲೆ ಗಾಳಿಯಲ್ಲೇ ಇರುತ್ತೆ, ಹಾಗಾಗಿ ಬ್ಲೇಡ್ ಮುಟ್ಟದೇ ಬರೀ ಕಸ ಗುಡಿಸೋನಿಗೂ ಬಿಡಲ್ಲ. ಸಂಜೆ ಏರ್ ಪೈಪ್ ಹಿಡಿದು ಬಟ್ಟೆ ಧೂಳು ಹಾರಿಸ್ಕೊಳ್ತಾರಲ್ಲ, ಅದಂತೂ ಕೂತಿರೋ ಧೂಳನ್ನ ಎಬ್ಬಿಸಿ ಮತ್ತೆ ಎಳ್ಕೊಂಡ ಹಾಗೆ.

ಕಲ್ಲು ಯಾವ್ದು ಅನ್ನೋದೂ ಮುಖ್ಯ. ಮಾರ್ಬಲ್‌ನಲ್ಲಿ ಸಿಲಿಕಾ ತೀರಾ ಕಮ್ಮಿ, ಗ್ರಾನೈಟ್‌ನಲ್ಲಿ ಸುಮಾರು 30 ಪರ್ಸೆಂಟ್, ಅಡುಗೆಮನೆ ಕಟ್ಟೆಗೆ ಹಾಕೋ ಆರ್ಟಿಫಿಷಿಯಲ್ ಸ್ಟೋನ್ ಕೆಲವದ್ರಲ್ಲಿ 90ಕ್ಕೂ ಜಾಸ್ತಿ. ಆಸ್ಟ್ರೇಲಿಯಾ ಇದನ್ನ 2024ರ ಜುಲೈನಿಂದ ಬ್ಯಾನೇ ಮಾಡ್ತು. ಸಿಲಿಕಾ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಸಾಮಾನ್ಯವಾಗಿ 10-20 ವರ್ಷ ಆದ್ಮೇಲೆ ಕಾಣಿಸ್ಕೊಳ್ಳುತ್ತೆ, ಧೂಳು ವಿಪರೀತ ಇದ್ರೆ ಇನ್ನೂ ಬೇಗ, ವಾಸಿ ಆಗಲ್ಲ, ಜೊತೆಗೆ ಟಿಬಿನೂ ಸುಲಭವಾಗಿ ಅಂಟ್ಕೊಳ್ಳುತ್ತೆ. ಎಕ್ಸ್‌ರೇ ನೋಡಿ ಬರೀ ಟಿಬಿ ಅಂದ್ಕೊಂಡು ಮಾತ್ರೆ ಕೊಟ್ಟು ಕಳಿಸೋದೂ ಉಂಟು.

ಹತ್ತಿ ಮಿಲ್ಲಿನೋರಿಗೆ ಹತ್ತಿ ಧೂಳಿಂದ ವಾರದ ರಜೆ ಮುಗಿಸಿ ಬಂದ ದಿನಾನೇ ಎದೆ ಬಿಗಿಯುತ್ತೆ, ಮಾರನೇ ದಿನ ಕಮ್ಮಿ ಆಗುತ್ತೆ, ಸೂಪರ್ವೈಸರ್ ಕಣ್ಣಿಗೆ ಅದು ಸೋಮಾರಿತನ! ಬೇಕರಿ ಹಿಟ್ಟು, ಸ್ಪ್ರೇ ಪೇಂಟಿನ ಹಾರ್ಡನರ್ (ಪೇಂಟ್ ಗಟ್ಟಿ ಮಾಡೋ ಕೆಮಿಕಲ್) ಇವುಗಳಿಂದ ಅಸ್ತಮಾ ಬರುತ್ತೆ.

ಬೀಡಿ ಬಿಡ್ಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ, ಆಸ್ಬೆಸ್ಟಾಸ್ (ನಾರಿನಂಥ ಖನಿಜ) ಧೂಳಿನ ಜೊತೆ ಸಿಗರೇಟೂ ಸೇರಿದ್ರೆ ಕ್ಯಾನ್ಸರ್ ರಿಸ್ಕ್ ಎಷ್ಟೋ ಪಟ್ಟು ಏರುತ್ತೆ. ಆದ್ರೆ ಬೀಡಿ ಹೆಸರು ಹೇಳಿ ಓನರ್ ಕೈ ತೊಳ್ಕೊಳ್ಳೋದು ಯಾವ ನ್ಯಾಯ? ಮುಖಕ್ಕೆ ಕಟ್ಟೋ ಕರ್ಚೀಫು ಈ ಧೂಳನ್ನ ತಡೆಯಲ್ಲ, ಗಡ್ಡ ಇದ್ರೆ ಎನ್95 ಕೂಡ ಸಂದಿ ಬಿಡುತ್ತೆ. ಬ್ಲೇಡಿಗೆ ನೀರು, ಧೂಳು ಏಳೋ ಜಾಗದಲ್ಲೇ ಎಳ್ಕೊಳ್ಳೋ ಸಕ್ಷನ್, ಇವು ಮೊದ್ಲು ಬರ್ಬೇಕು, ಮಾಸ್ಕ್ ಆಮೇಲೆ.

ಕೆಮ್ಮು ದಮ್ಮು ಅಂತ ಬಂದೋರ ಚೀಟಿಯಲ್ಲಿ ಯಾವ ಧೂಳು, ಎಷ್ಟು ವರ್ಷ, ಒಣ ಕಟಿಂಗೋ ನೀರು ಹಾಕಿದ್ದೋ ಅಂತ ಡಾಕ್ಟ್ರು ಎರಡು ಸಾಲು ಬರ್ಕೊಳ್ಳಲಿ. ನಿಮ್ಮ ಆರೋಗ್ಯ ಪುಟದಲ್ಲೂ ಇದಕ್ಕೆ ಒಂದಿಷ್ಟು ಜಾಗ ಕೊಡಿ.

ಇಂತಿ,
ನಿಮ್ಮ ಓದುಗ