ಅಪ್ಪನ ಕಾಗದಗಳ ಕೆಲಸ ಮುಗಿಯಿತು, ಮೇಲಿನ ಮಹಡಿಯ ಅಕ್ಕನಿಗೆ ಥ್ಯಾಂಕ್ಸ್

ಅಂತೂ ಮುಗಿಯಿತು. ಶ್ರೀಲಂಕಾದಿಂದ ಅಪ್ಪ ಬರೆದ ಕಾಗದಗಳೆಲ್ಲ ಟೈಪ್ ಆಗಿ, ಬೈಂಡ್ ಆಗಿ, ಹೋದ ವಾರ ಕೊಡಗಿನ ಶನಿವಾರಸಂತೆಯಲ್ಲಿ ಅಮ್ಮನ ಕೈ ಸೇರಿದವು. ಅಪ್ಪ ತೀರಿಹೋದ ಮೇಲಿನ ದಿನಗಳು ಹೇಗಿದ್ದವು ಅಂತ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ.

ಸ್ಕ್ಯಾನ್ ಮಾಡಿಕೊಟ್ಟ ಚಿಕ್ಕಪ್ಪನ ಮಗ, ಮಾಸಿಹೋದ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದ ಸೋದರತ್ತೆ, ನನ್ನ ತಲೆಬುಡವಿಲ್ಲದ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರ ಕೊಟ್ಟ ಅಪ್ಪನ ಪಲ್ಟನ್ನಿನ ನಿವೃತ್ತ ಸುಬೇದಾರರು, ಮಡಿಕೇರಿಯ ಬೈಂಡಿಂಗ್‌ನವರು, ಎಲ್ಲರಿಗೂ ದೊಡ್ಡ ನಮಸ್ಕಾರ.

ಉಳಿದದ್ದೆಲ್ಲ ಒಬ್ಬರಿಗೇ. ನಾನಿರುವ ಟೊರಾಂಟೊದ ಸ್ಕಾರ್‌ಬರೋದಲ್ಲಿ, ನಮ್ಮ ಮೇಲಿನ ಮಹಡಿಯಲ್ಲಿರುವ, ಉತ್ತರ ಶ್ರೀಲಂಕಾದ ಜಾಫ್ನಾದ ತಮಿಳು ಅಕ್ಕನಿಗೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

ಮನೆಯ ಚಿಕ್ಕವರಿಗಾಗಿ ಸ್ವಲ್ಪ ಹಿಂದಿನ ಕಥೆ. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಅಲ್ಲಿನ ಸರ್ಕಾರಕ್ಕೂ ತಮಿಳು ಹೋರಾಟಗಾರರಿಗೂ ನಡೆಯುತ್ತಿದ್ದ ಅಂತರ್ಯುದ್ಧ ನಿಲ್ಲಿಸಲು ನಮ್ಮ ಶಾಂತಿಪಾಲನಾ ಪಡೆ, ಐಪಿಕೆಎಫ್, ಹೋಯಿತು. ಮದ್ರಾಸ್ ರೆಜಿಮೆಂಟಿನಲ್ಲಿದ್ದ ಅಪ್ಪನೂ ಹೋದರು. ಕಾಗದದ ಮೇಲೆ ಊರಿನ ಹೆಸರು ಇರುತ್ತಿರಲಿಲ್ಲ. ನಂಬರು, ಹೆಸರು, ಪಲ್ಟನ್ನು, ಕೆಳಗೆ 56 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿ. ಅಷ್ಟೇ ವಿಳಾಸ.

ಮೊದಲ ಕಾಗದಗಳಲ್ಲಿ ಅಪ್ಪ ಖುಷಿಯಾಗಿದ್ದಾರೆ. ಜನ ಹಾರ ಹಾಕಿದರು, ಎಳನೀರು ಕೊಟ್ಟರು, ಎಲ್ಲಿ ನೋಡಿದರೂ ತಾಳೆಮರ, ಕೆಂಪು ಮಣ್ಣು. ಅಕ್ಟೋಬರಿನಲ್ಲಿ ಆಪರೇಷನ್ ಪವನ್ ಶುರುವಾಯಿತು. ಯಾರಿಂದ ಶಸ್ತ್ರ ಇಳಿಸಿಕೊಳ್ಳಲು ಹೋಗಿದ್ದರೋ ಆ ಎಲ್‌ಟಿಟಿಇ ಹೋರಾಟಗಾರರ ಜೊತೆಗೇ ಯುದ್ಧ. ಅಲ್ಲಿಂದ ಕಾಗದಗಳು ಗಿಡ್ಡವಾಗುತ್ತವೆ. ‘ನಾನು ಕ್ಷೇಮ’ ಅಂತ ಮೇಲೊಂದು ಸಲ, ಕೆಳಗೊಂದು ಸಲ. ನಡುವೆ ಗಬ್ಬದ ಹಸು ಹೇಗಿದೆ, ಸೊಸೈಟಿ ಸಾಲ ಕಟ್ಟಿದೆಯಾ, ಕಾಫಿ ಕುಯ್ಯಲು ಆಳು ಸಿಕ್ಕರಾ. ಯುದ್ಧದ ಮಾತೇ ಇಲ್ಲ.

ಈ ಕಾಗದಗಳಿಗೆ ಬಂದ ರಾತ್ರಿ ನಾನು ಒಬ್ಬಳೇ ಇದ್ದೆ. ಅಕ್ಕ ಇಡಿಯಪ್ಪ ಕೊಟ್ಟು ಹೋಗಲು ಬಂದವರು, ನನ್ನ ಮುಖ ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಬೆಳಗಾಗುವ ತನಕ ಹೋಗಲಿಲ್ಲ. ನನ್ನ ಅಪ್ಪ ಐಪಿಕೆಎಫ್‌ನಲ್ಲಿದ್ದವರು ಅಂತ ಅವರಿಗೆ ಮೊದಲೇ ಗೊತ್ತಿತ್ತು. ಆ ಬಗ್ಗೆ ನಾವು ಮಾತಾಡುತ್ತಿರಲಿಲ್ಲ, ಅಷ್ಟೇ. ಆವತ್ತು ನಾನು ಓದಿ ನನ್ನ ಹರಕು ಮುರುಕು ತಮಿಳಿನಲ್ಲಿ ಹೇಳುತ್ತಾ ಹೋದೆ, ಅವರು ಕೇಳುತ್ತಾ ಹೋದರು.

ಆ ವರ್ಷದ ದೀಪಾವಳಿ ಅಕ್ಟೋಬರ್ 21ಕ್ಕೆ ಬಂದಿತ್ತು. ಅಪ್ಪ ಬರೆದದ್ದು ಇಷ್ಟು: ‘ಇಲ್ಲಿ ಹಬ್ಬ ಆಗಲಿಲ್ಲ. ಮಗುವಿಗೆ ಪಟಾಕಿ ಕೊಡಿಸು. ಹುಷಾರಾಗಿ ಹಚ್ಚಿಸು.’ ಆ ಮಗು ನಾನೇ. ಅದೇ ದಿನ ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ರೋಗಿಗಳು, ಡಾಕ್ಟರುಗಳು, ನರ್ಸ್‌ಗಳು ಸೇರಿ ಸುಮಾರು 70 ಜನ ಸತ್ತರು. ಅದು ಎರಡೂ ಕಡೆಯ ಗುಂಡಿನ ಕಾಳಗ ಅನ್ನುವುದು ಸೇನೆಯ ಮಾತು. ಅಲ್ಲಿನ ಜನ ಅದನ್ನು ಒಪ್ಪುವುದಿಲ್ಲ. ಅಕ್ಕನಿಗೆ ಆಗ ಹದಿಮೂರೋ ಹದಿನಾಲ್ಕೋ. ಮನೆಯವರೆಲ್ಲ ಸಾವಿರಾರು ಜನರ ಜೊತೆ ನಲ್ಲೂರು ಕಂದಸ್ವಾಮಿ ದೇವಸ್ಥಾನದಲ್ಲಿ ಆಶ್ರಯ ಪಡೆದಿದ್ದರು. ಅವರ ಬೀದಿಯ ನರ್ಸ್ ಒಬ್ಬರು ಆ ದಿನ ಡ್ಯೂಟಿಯಲ್ಲಿದ್ದರಂತೆ. ಅಷ್ಟು ಹೇಳಿ ನಿಲ್ಲಿಸಿದರು.

ಆ ದಿನ ನನ್ನ ಅಪ್ಪ ಎಲ್ಲಿದ್ದರು? ಕಾಗದದಲ್ಲಿಲ್ಲ. ಕೇಳೋಣ ಅಂದರೆ ಅವರೇ ಇಲ್ಲ. ನಾನು ಅತ್ತೆ, ಕಿರುಚಿದೆ. ಎಲ್ಲ ಸುಟ್ಟುಬಿಡ್ತೀನಿ ಅಂದೆ. ಅಕ್ಕ ಕಾಗದಗಳನ್ನು ನನ್ನ ಕೈಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. ಸಮಾಧಾನದ ಮಾತು ಒಂದೂ ಇಲ್ಲ. ಕ್ಷಮಿಸಿದೆ ಅಂತಲೂ ಹೇಳಲಿಲ್ಲ, ಹೇಳಬೇಕು ಅಂತ ನಾನೂ ಬಯಸುವುದಿಲ್ಲ. ಟೀ ಮಾಡಿ ತಂದು, ಒಂದು ಇನ್‌ಲ್ಯಾಂಡ್ ಎತ್ತಿ ಕೊಟ್ಟು, ‘ಮುಂದಿನದು ಓದು’ ಅಂದರು.

ಮುಂದಿನದರಲ್ಲಿ ಒಬ್ಬ ಅಜ್ಜಿ ಇದ್ದಳು. ಗಸ್ತಿನಲ್ಲಿ ಬಾಯಾರಿ ಒಂದು ಮನೆಯ ಬಾವಿಯ ಹತ್ತಿರ ನಿಂತಾಗ ನೀರು ಸೇದಿ ಕೊಟ್ಟಳಂತೆ. ‘ಪಾಪ, ವಯಸ್ಸಾಗಿದೆ, ಕೊಡ ಹಿಡಿದ ಕೈ ನಡುಗುತ್ತಿತ್ತು’ ಅಂತ ಅಪ್ಪ ಬರೆದಿದ್ದಾರೆ. ಅಕ್ಕ ಇದನ್ನು ಎರಡು ಸಲ ಓದಿಸಿದರು. ಆಮೇಲೆ, ‘ವಯಸ್ಸಿಗಲ್ಲ ಅಮ್ಮಾ, ನಿನ್ನಪ್ಪನ ಕೈಯಲ್ಲಿದ್ದ ಬಂದೂಕಿಗೆ’ ಅಂದರು. ಸಿಟ್ಟಿನಿಂದ ಅಲ್ಲ, ಸುಮ್ನೆ ಇದ್ದದ್ದು ಇದ್ದ ಹಾಗೆ.

ಬೆಳಗಿನ ಜಾವಕ್ಕೆ ಕಟ್ಟು ಖಾಲಿಯಾಯಿತು. ಕೊನೆಯ ತುಕಡಿ ಟ್ರಿಂಕೋಮಲಿಯಿಂದ ಹಡಗು ಹತ್ತಿದ್ದು 1990ರ ಮಾರ್ಚ್ 24ರಂದು. ಅಪ್ಪ ಅದಕ್ಕೂ ಮುಂಚೆಯೇ ಊರಿಗೆ ಬಂದಿದ್ದರು. ಅವರ ಪಡೆಯ ಸುಮಾರು 1,200 ಜನ ಬರಲಿಲ್ಲ. ಅಕ್ಕನ ಕಡೆ ಎಷ್ಟು ಜನ ಅಂತ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಆ ರಾತ್ರಿ ಅವರು ಬರದಿದ್ದರೆ ಈ ಪುಸ್ತಕ ಇರುತ್ತಿರಲಿಲ್ಲ. ಇದ್ದರೂ ಅರ್ಧ ಇರುತ್ತಿತ್ತು. ಅಜ್ಜಿಯ ಕಾಗದದ ಎದುರು ಪುಟದಲ್ಲಿ ಅಕ್ಕ ಹೇಳಿದ್ದನ್ನು ಅವರ ಒಪ್ಪಿಗೆ ಪಡೆದು ಹಾಗೇ ಹಾಕಿದ್ದೇನೆ. ಮನೆಯಲ್ಲಿ ಒಂದಿಬ್ಬರಿಗೆ ಇದು ಹಿಡಿಸಿಲ್ಲ. ಇರಲಿ.

ಅಮ್ಮನಿಗೆ ಆ ಎರಡು ಪುಟ ಓದಿ ಹೇಳಿದೆ. ‘ಅಪ್ಪನಿಗೆ ಗೊತ್ತಾಗಲೇ ಇಲ್ವಲ್ಲಮ್ಮ’ ಅಂದೆ. ಅಮ್ಮ ಮೆಣಸು ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. ‘ಗೊತ್ತಿತ್ತು ಕಣೇ. ಬಂದ ಮೇಲೆ ಎಷ್ಟೋ ರಾತ್ರಿ ಆ ಮುದುಕಿಯ ಸುದ್ದಿಯೇ. ಕಾಗದದಲ್ಲಿ ನನಗೆ ಹಾಗೆ ಬರೆದರು’ ಅಂದರು.

ಇದನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮಗನ ಹತ್ತಿರ ಓದಿಸಿಕೊಳ್ಳಿ ಅಕ್ಕ. ಆ ಮೆಣಸನ್ನು ಅಮ್ಮ ನಿಮಗೇ ಅಂತ ಕಟ್ಟಿ ಕೊಟ್ಟಿದ್ದಾರೆ, ಜೊತೆಗೆ ಒಂದು ಪೊಟ್ಟಣ ಕಾಫಿ ಪುಡಿ. ಶನಿವಾರ ಬಂದಿಳಿಯುತ್ತೇನೆ, ಸಂಜೆ ಮೇಲೆ ಬರುತ್ತೇನೆ.