ಅಧಿವೇಶನಕ್ಕೆ ನಮ್ಮ ಪ್ರಶ್ನೆಗಳು: ಭಾನುವಾರದೊಳಗೆ ಕಳಿಸಿ

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಅಧಿವೇಶನ ಹತ್ತಿರ ಬಂತು. ನಮ್ಮ ಊರುಗಳ ತೊಂದರೆಯನ್ನು ಸದನದಲ್ಲಿ ಕೇಳಿ ಅಂತ ಶಾಸಕರಿಗೆ ಈ ಸಲ ಬರೆದೇ ಕೊಡೋಣ.

ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿಗಳು ಸದನದಲ್ಲೇ ಎದ್ದು ನಿಂತು ಉತ್ತರ ಕೊಡಬೇಕು. ಶಾಸಕರು ಅಲ್ಲೇ ಉಪಪ್ರಶ್ನೆಯನ್ನೂ ಹಾಕಬಹುದು. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ ಮಾತ್ರ. ಅದೂ ಕಡಿಮೆಯೇನಲ್ಲ, ಲೆಕ್ಕಪತ್ರ ಕೈಗೆ ಸಿಗುತ್ತದೆ.

ಸುಮ್ನೆ 'ಬಸ್ ಸರಿ ಇಲ್ಲ' ಅಂತ ಬರೆಯಬೇಡಿ. 'ಪರಿಶೀಲಿಸಲಾಗುವುದು' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಯಾವ ರೂಟು, ಎಷ್ಟು ಗಂಟೆಯದು, ಯಾವ ದಿನ ಬರಲಿಲ್ಲ, ಎಲ್ಲ ಬೇಕು. ಹೋದ ಸೋಮವಾರ ಬೆಳಗ್ಗೆ 7ರ ಬಸ್ ಬರಲಿಲ್ಲ. ನನ್ನ ಮಗಳು ಭತ್ತದ ಟ್ರ್ಯಾಕ್ಟರ್ ಏರಿ ಕಾಲೇಜಿಗೆ ಹೋದಳು. 2023ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ ನಿಜ, ಆದರೆ ಬಸ್ಸು ಬರಬೇಕಲ್ವಾ?

ಆಸ್ಪತ್ರೆಯದ್ದೂ ಹಾಗೇ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿಗೆ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿ ಬಂದು ಹತ್ತು ವರ್ಷ ದಾಟಿತು. ಅದರಡಿ ತುಂಬಬೇಕಾದ ನರ್ಸ್, ಡಾಕ್ಟರ್ ಹುದ್ದೆ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಖಾಲಿ ಇವೆ ಅಂತ ನೇರವಾಗಿ ಕೇಳೋಣ.

ಭಾನುವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ವಾಯ್ಸ್ ಮೆಸೇಜ್ ಬೇಡ, ಟೈಪ್ ಮಾಡಿ. ಗುಡ್ ಮಾರ್ನಿಂಗ್ ಫೋಟೊಗಳಿಗೆ ಅಲ್ಲಿಯವರೆಗೆ ರಜೆ.